ಮೊದಲು ಬೀಳೋದು ಕಲಿಸಿ, ಆಮೇಲೆ ಶಿಖರ ತೋರಿಸಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಬಂದಿದ್ದ ಹಿಮಾಲಯ ಟ್ರೆಕ್ಕಿಂಗ್ ಲೇಖನ ಓದಿ ಈ ಪತ್ರ ಬರೀತಾ ಇದೀನಿ. ಫೋಟೋಗಳು ತುಂಬಾ ಚೆನ್ನಾಗಿದ್ವು, ಬರೆದವರ ಉತ್ಸಾಹನೂ ಇಷ್ಟ ಆಯ್ತು. ಆದ್ರೆ ಇಡೀ ಪುಟದಲ್ಲಿ ಯಾವ ಶೂ ತಗೋಬೇಕು, ಎಷ್ಟು ಜಾಕೆಟ್ ಬೇಕು, ಎಷ್ಟು ಖರ್ಚಾಗುತ್ತೆ, ಸೂರ್ಯೋದಯದ ಫೋಟೋ ಎಲ್ಲಿ ಚೆನ್ನಾಗಿ ಬರುತ್ತೆ ಅಂತೆಲ್ಲ ಇತ್ತು, ಹಿಮದ ಮೇಲೆ ಕಾಲು ಜಾರಿದ್ರೆ ಏನು ಮಾಡ್ಬೇಕು ಅನ್ನೋದು ಒಂದು ಸಾಲೂ ಇರ್ಲಿಲ್ಲ. ಆ ಒಂದು ಸಾಲಿನ ಬೆಲೆ ನಂಗೆ ಗೊತ್ತು, ಅದಕ್ಕೇ ಇಷ್ಟುದ್ದ ಬರೀತಿರೋದು. ಜಾಗ ಸಾಲದಿದ್ರೆ ಎಲ್ಲಿ ಬೇಕಾದ್ರೂ ಕತ್ತರಿಸಿ, ಬೀಳೋ ವಿಷಯ ಮಾತ್ರ ದಯವಿಟ್ಟು ಉಳಿಸ್ಕೊಳ್ಳಿ.

ನಾನು ಸಾಗರದ ಕಡೆಯವಳು, ಈಗ ಶಿವಮೊಗ್ಗದಲ್ಲಿ ಕೆಲಸ, ವಯಸ್ಸು ನಲವತ್ಮೂರು. ಕೊಡಚಾದ್ರಿ, ಕುಮಾರ ಪರ್ವತ, ಮುಳ್ಳಯ್ಯನಗಿರಿ ಎಲ್ಲ ಕಾಲೇಜು ದಿನದಿಂದ ಹತ್ತಿ ಇಳಿದು ಅಭ್ಯಾಸ ಇತ್ತು, ಹಾಗಾಗಿ ಕೆಲವು ವರ್ಷದ ಹಿಂದೆ ಒಂದು ಡಿಸೆಂಬರ್‌ನಲ್ಲಿ ಗೆಳತಿಯರ ಜೊತೆ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಾಗ ಭಯ ಅಂತ ಏನೂ ಇರ್ಲಿಲ್ಲ. ಸುಮಾರು 12,500 ಅಡಿ, ಹೊಸಬರಿಗೆ ಹೇಳಿ ಮಾಡಿಸಿದ ಟ್ರೆಕ್ ಅಂತ ಎಲ್ಲ ಕಡೆ ಹಾಕಿದ್ರು. ಕರ್ಕೊಂಡು ಹೋದ ಕಂಪನಿ ಹೆಸರು ಬೇಡ, ಯಾಕಂದ್ರೆ ಇದು ಒಂದು ಕಂಪನಿಯ ಕಥೆ ಅಲ್ಲ. ಶಿಖರಕ್ಕೆ ಹೊರಡೋ ದಿನ ಬೆಳಗಿನ ಜಾವ ಕತ್ತಲಲ್ಲಿ ಶೂಗೆ ಹಾಕೋ ಮೈಕ್ರೋಸ್ಪೈಕ್ ಅನ್ನೋ ಸಣ್ಣ ಮುಳ್ಳಿನ ಪಟ್ಟಿ ಒಂದೊಂದು ಜೊತೆ ಕೈಗೆ ಕೊಟ್ಟು "ಹಾಕ್ಕೊಳ್ಳಿ ಹಾಕ್ಕೊಳ್ಳಿ, ಲೇಟಾಯ್ತು" ಅಂದ್ರು, ಪಾಠ ಅಂತ ಆಗಿದ್ದು ಅಷ್ಟೇ. ಹತ್ತಿದ್ದೇನೋ ಹತ್ತಿದ್ವಿ. ಇಳಿಯುವಾಗ ರಾತ್ರಿ ಹೆಪ್ಪುಗಟ್ಟಿ ಗಾಜಿನ ಹಾಗಾಗಿದ್ದ ಒಂದು ಇಳಿಜಾರಲ್ಲಿ ಹಿಮ್ಮಡಿ ಜಾರ್ತು, ಕೂತ ಭಂಗಿಯಲ್ಲೇ ಹೊರಟೆ, ಕೈಯಲ್ಲಿದ್ದ ಕೋಲು ಎಲ್ಲೋ ಹೋಯ್ತು, ಗ್ಲೌಸ್ ಹಾಕಿದ ಬೆರಳಲ್ಲಿ ಹಿಮ ಕೆರೀತಾ ಇದೀನಿ, ಏನೂ ಹಿಡಿತಿಲ್ಲ, ವೇಗ ಮಾತ್ರ ಜಾಸ್ತಿ ಆಗ್ತಾ ಇದೆ. ಕೆಳಗೆ ಒಂದು ಮರದ ಬುಡಕ್ಕೆ ಸೊಂಟ ಬಡಿದು ನಿಂತೆ. ಆ ಮರದ ಎಡಗಡೆ ಒಂದು ಹತ್ತು ಹೆಜ್ಜೆ ಆಚೆ ಇನ್ನೇನೂ ಇರ್ಲಿಲ್ಲ, ಬರೀ ಇಳಿಜಾರು. ಕ್ಯಾಂಪಿಗೆ ಬಂದ್ಮೇಲೆ ಲೀಡರ್ ಹುಡುಗ "ಎಲ್ರೂ ಜಾರ್ತಾರೆ ಮೇಡಂ, ಎಂಜಾಯ್ ಮಾಡಿ" ಅಂದ. ಅವನ ಮೇಲೆ ನಂಗೆ ಈಗ್ಲೂ ಸಿಟ್ಟಿಲ್ಲ, ಪಾಪ ಅವನಿಗೂ ಯಾರೂ ಕಲಿಸಿರ್ಲಿಲ್ಲ ಅನ್ಸುತ್ತೆ.

ಅದಾದ ಮೇಲೆ ಎರಡು ವರ್ಷ ಬೆಟ್ಟದ ಕಡೆ ತಲೆ ಹಾಕ್ಲಿಲ್ಲ. ನನ್ನ ತಮ್ಮ ಜಿನೀವಾದಲ್ಲಿ ಕೆಲಸದಲ್ಲಿದ್ದಾನೆ, ಅವನ ಮನೆಗೆ ಹೋದಾಗ "ಅಕ್ಕಾ, ಹೆದರಿಕೊಂಡು ಬೆಟ್ಟ ಬಿಡೋ ಬದಲು ಸರಿಯಾಗಿ ಕಲಿ, ಇಲ್ಲೇ ಪಕ್ಕದಲ್ಲಿ ಕಲಿಸ್ತಾರೆ" ಅಂತ ಫ್ರಾನ್ಸಿನ ಶಮೊನಿಯಲ್ಲಿ ಬೇಸಿಗೆಯ ಆರು ದಿನದ ಕೋರ್ಸಿಗೆ ಹೆಸರು ಬರೆಸಿದ. ಶಮೊನಿ ಅಂದ್ರೆ ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರದ ಕೆಳಗಿನ ಕಣಿವೆ ಊರು, ಜಿನೀವಾದಿಂದ ಬಸ್ಸಲ್ಲಿ ಒಂದೂವರೆ ಗಂಟೆ ಆಗಬಹುದು. ಖರ್ಚು ಕಮ್ಮಿ ಏನಲ್ಲ, ವಿಮಾನದ ಟಿಕೆಟ್ ಬಿಟ್ಟು ನನ್ನ ಎರಡು ತಿಂಗಳ ಸಂಬಳ ಹೋಯ್ತು. ಎಲ್ರೂ ಅಲ್ಲಿಗೆ ಹೋಗಿ ಅಂತ ಹೇಳೋಕೆ ಈ ಪತ್ರ ಬರೀತಿಲ್ಲ, ಅಲ್ಲಿ ಕಲಿತಿದ್ದು ಏನು, ಅದ್ರಲ್ಲಿ ಎಷ್ಟು ನಾವು ಇಲ್ಲೇ ಕಲೀಬಹುದಿತ್ತು ಅನ್ನೋದಷ್ಟೇ ಹೇಳೋದಿದೆ.

ನಾಲ್ಕು ಜನ ಕಲಿಯೋರು, ಒಬ್ಬ ಗೈಡ್. ಸ್ಕಾಟ್ಲೆಂಡಿನ ಒಬ್ಬ ನರ್ಸ್, ನೆದರ್ಲೆಂಡ್ಸಿನ ಗಂಡ ಹೆಂಡತಿ, ನಾನು. ಗೈಡ್ ಐವತ್ತು ದಾಟಿದವರು, ಅವರಪ್ಪನೂ ಗೈಡ್ ಅಂತೆ. ಅಲ್ಲಿ ಗೈಡ್ ಅನ್ನೋದು ಸೀಸನ್ನಿನ ಕೆಲಸ ಅಲ್ಲ, ವರ್ಷಗಟ್ಟಲೆ ಓದಿ ಪರೀಕ್ಷೆ ಪಾಸಾಗಿ ಬರೋ ವೃತ್ತಿ. 1820ರಲ್ಲಿ ಮಾಂಟ್ ಬ್ಲಾಂಕ್ ಮೇಲೆ ಹಿಮಕುಸಿತದಲ್ಲಿ ಸಿಕ್ಕಿ ಮೂರು ಜನ ಗೈಡ್‌ಗಳು ಸತ್ತರು, ಮರುವರ್ಷ 1821ರಲ್ಲೇ ಊರಿನ ಗೈಡ್‌ಗಳೆಲ್ಲ ಸೇರಿ ತಮ್ಮದೇ ಕಂಪನಿ ಕಟ್ಟಿಕೊಂಡರು, ಸತ್ತವರ ಮನೆಯವರಿಗೆ ಸಹಾಯ ಆಗ್ಲಿ ಅಂತ ನಿಧಿ ಮಾಡಿದರು. ಇನ್ನೂರು ವರ್ಷ ದಾಟಿದರೂ ಆ ಸಂಘ ನಡೀತಾ ಇದೆ. ಒಂದು ದುರ್ಘಟನೆ ಆದ ಮೇಲೆ ಊರಿಗೆ ಊರೇ ಕೂತು ಯೋಚನೆ ಮಾಡಿದ್ದು ನಂಗೆ ತುಂಬಾ ದೊಡ್ಡ ವಿಷಯ ಅನ್ಸುತ್ತೆ, ಮುಂದೆ ಅದರ ಬಗ್ಗೆ ಹೇಳ್ತೀನಿ.

ಮೊದಲ ದಿನ ಪುಟ್ಟ ಕೆಂಪು ರೈಲಲ್ಲಿ ಮೋಂಟೆನ್ವೇರ್ ಅನ್ನೋ ಜಾಗಕ್ಕೆ ಹೋಗಿ ಅಲ್ಲಿಂದ ಮೆರ್ ದ ಗ್ಲಾಸ್ ಹಿಮನದಿಗೆ ಇಳಿದ್ವಿ. ಹೆಸರಿನ ಅರ್ಥ ಮಂಜುಗಡ್ಡೆಯ ಸಮುದ್ರ. ಸಮುದ್ರ ಈಗ ಕೆಳಗೆಲ್ಲೋ ಹೋಗಿದೆ, ಇಳಿಯೋ ದಾರಿಯಲ್ಲಿ ಹಿಮನದಿ 1990ರಲ್ಲಿ ಈ ಮಟ್ಟಕ್ಕಿತ್ತು, 2010ರಲ್ಲಿ ಈ ಮಟ್ಟಕ್ಕಿತ್ತು ಅಂತ ಬಂಡೆ ಮೇಲೆ ಬೋರ್ಡ್ ಹಾಕಿದ್ದಾರೆ, ಒಂದು ಬೋರ್ಡಿಂದ ಇನ್ನೊಂದಕ್ಕೆ ಮೆಟ್ಟಿಲು ಇಳೀತಾ ಇಳೀತಾ ಮಾತು ನಿಂತೋಯ್ತು. ಕೆಳಗೆ ಬರೀ ಗಡ್ಡೆಯ ಮೇಲೆ ನಡೆಯೋ ಪಾಠ. ಕ್ರ್ಯಾಂಪನ್ ಅಂದ್ರೆ ಬೂಟಿಗೆ ಕಟ್ಟೋ ಕಬ್ಬಿಣದ ಹಲ್ಲುಗಳು, ಒಂದು ಕಾಲಿಗೆ ಹನ್ನೆರಡು. ನಾವು ಸಾಮಾನ್ಯ ಜಾರೋ ಜಾಗದಲ್ಲಿ ಪಾದದ ಅಂಚು ಊರ್ತೀವಿ ಅಲ್ವಾ, ಇಲ್ಲಿ ಅದು ತಪ್ಪು, ಅಂಗಾಲು ಪೂರ್ತಿ ಸಮನಾಗಿ ಊರಿ ಎಲ್ಲ ಹಲ್ಲೂ ಕಚ್ಚೋ ಹಾಗೆ ನಡೀಬೇಕು, ಇಳಿಜಾರಲ್ಲೂ ಕಣಕಾಲು ಬಾಗಿಸ್ಬೇಕೇ ಹೊರತು ಪಾದ ಓರೆ ಮಾಡೋ ಹಾಗಿಲ್ಲ. ಎರಡು ಕಾಲು ಹತ್ತಿರ ಬಂದ್ರೆ ಒಂದರ ಹಲ್ಲು ಇನ್ನೊಂದರ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸ್ತೀವಿ. ಕೆಸರು ಗದ್ದೆಯಲ್ಲಿ ನಡೆಯೋ ಹಾಗೆ ಕಾಲು ಅಗಲಿಸಿ ಎತ್ತೆತ್ತಿ ಇಡಬೇಕು. ನಟ್ಟಿ ಗದ್ದೆ ನೋಡಿ ಬೆಳೆದವಳಿಗೆ ಇದು ಬೇಗ ಬಂತು, ಗೈಡ್ "ನೀವು ಮೊದಲೇ ಎಲ್ಲೋ ಕಲಿತಿದೀರಾ" ಅಂತ ಕೇಳಿದ್ರು.

ಎರಡನೇ ದಿನ ಲ ಟೂರ್ ಅನ್ನೋ ಹಳ್ಳಿಯಿಂದ ನಡೆದು ಆಲ್ಬರ್ಟ್ ಪ್ರೀಮಿಯೆ ಅನ್ನೋ ಹಟ್‌ಗೆ ಹೋದ್ವಿ, 2702 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1930 ಮೀಟರ್, ಅಂದ್ರೆ ಅಲ್ಲಿ ಊಟ ಮಾಡಿ ಮಲಗೋ ಜಾಗವೇ ನಮ್ಮ ಶಿಖರಕ್ಕಿಂತ ಮೇಲೆ. ಹಟ್‌ಗೆ ಬೆಲ್ಜಿಯಂ ರಾಜ ಒಂದನೇ ಆಲ್ಬರ್ಟ್ ಹೆಸರಿಟ್ಟಿದ್ದಾರೆ, ಆಲ್ಪ್ಸ್ ಹತ್ತಿ ಅನುಭವ ಇದ್ದ ಆ ರಾಜ 1934ರಲ್ಲಿ ತನ್ನ ದೇಶದಲ್ಲೇ ಬಂಡೆ ಹತ್ತೋವಾಗ ಬಿದ್ದು ತೀರಿಕೊಂಡ. ಮಧ್ಯಾಹ್ನ ಹಟ್ ಪಕ್ಕದ ಹಿಮದ ಇಳಿಜಾರಲ್ಲಿ, ಕೆಳಗೆ ಸಮತಟ್ಟಾಗಿ ಹರಡಿಕೊಂಡು ತಾನಾಗೇ ನಿಲ್ಲೋ ಜಾಗ ನೋಡ್ಕೊಂಡು, ಬೀಳೋ ಪಾಠ ಶುರು ಆಯ್ತು. ನಾನು ಹೋಗಿದ್ದೇ ಇದಕ್ಕೆ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಐಸ್ ಆಕ್ಸ್ ಅಂದ್ರೆ ನಮ್ಮ ಗುದ್ದಲಿ ಪಿಕಾಸಿಯ ತಮ್ಮ ಅನ್ನಿ, ತಲೆಯ ಒಂದು ಕಡೆ ಚೂಪು ಮೂತಿ, ಇನ್ನೊಂದು ಕಡೆ ಅಗಲ ಬಾಯಿ, ಕಾವಿನ ತುದಿಯಲ್ಲಿ ಮೊಳೆ. ನಡೆಯುವಾಗ ಅದು ಯಾವಾಗ್ಲೂ ಬೆಟ್ಟದ ಕಡೆಯ ಕೈಯಲ್ಲಿ ಇರ್ಬೇಕು. ಜಾರಿದ ತಕ್ಷಣ ಒಂದು ಕೈ ಆಕ್ಸಿನ ತಲೆ ಮೇಲೆ, ಇನ್ನೊಂದು ಕೈ ಕಾವಿನ ಕೊನೆ ಹತ್ತಿರ, ಆಕ್ಸ್ ಎದೆ ಮೇಲೆ ಓರೆಯಾಗಿ ಬರ್ಬೇಕು, ಆಕ್ಸಿನ ತಲೆ ಹಿಡಿದ ಕೈ ಕಡೆಗೇ ಹೊರಳಿ ಹೊಟ್ಟೆ ಮೇಲಾಗ್ಬೇಕು, ಮೊಳೆ ಇರೋ ಕಡೆ ಹೊರಳಿದ್ರೆ ಅದು ಹಿಮಕ್ಕೆ ನಾಟಿ ಆಕ್ಸ್ ಕೈಯಿಂದ ಕಿತ್ಕೊಂಡು ಹೋಗುತ್ತೆ. ಹೊರಳಿದ ಮೇಲೆ ಭುಜದ ಕೆಳಗೆ ಮೂತಿ ಹಿಮಕ್ಕೆ ಇಳಿಯೋ ಹಾಗೆ ಎದೆಯ ಭಾರ ಪೂರ್ತಿ ಅದರ ಮೇಲೆ ಹಾಕಿ ಒತ್ತಬೇಕು, ಕೈ ಉದ್ದ ಚಾಚಿದ್ರೆ ಬಲ ಬರಲ್ಲ. ಕ್ರ್ಯಾಂಪನ್ ಹಾಕಿದ್ರೆ ಪಾದ ಮೇಲಕ್ಕೆತ್ತಿ ಮೊಣಕಾಲು ಊರಬೇಕು, ಇಲ್ಲಾಂದ್ರೆ ವೇಗದಲ್ಲಿ ಹಲ್ಲು ಸಿಕ್ಕಿ ಮನುಷ್ಯ ಹಿಂದಕ್ಕೆ ಪಲ್ಟಿ. ಇದಿಷ್ಟೂ ಒಂದೂವರೆ ಸೆಕೆಂಡಲ್ಲಿ. ನಿಂತಲ್ಲೇ ನಿಂತು ಬಾಯಲ್ಲಿ ಹೇಳಿಸಿದ್ರು, ಆಮೇಲೆ ಕ್ರ್ಯಾಂಪನ್ ಬಿಚ್ಚಿಸಿ ಕೂತು ಜಾರಿಸಿದ್ರು, ಆಮೇಲೆ ಬೆನ್ನ ಮೇಲೆ, ಆಮೇಲೆ ತಲೆ ಕೆಳಗೆ ಕಾಲು ಮೇಲೆ. ತಲೆ ಕೆಳಗಾಗಿ ಬೆನ್ನ ಮೇಲೆ ಜಾರುವಾಗ ಮೂತಿಯನ್ನ ಸೊಂಟದ ಪಕ್ಕ ಹಿಮಕ್ಕೆ ಊರಿದ್ರೆ ಅದೇ ಗೂಟದ ಹಾಗೆ ನಿಂತು ಕಾಲು ತಾನಾಗೇ ಸುತ್ತಿ ಕೆಳಗೆ ಬರುತ್ತೆ, ಆಮೇಲೆ ಹೊರಳಬೇಕು. ಮೊದಲ ಸಲ ಕೂತು ಜಾರೋಕೆ ಬಿಟ್ಟಾಗ ನನ್ನ ಕೈ ಆಕ್ಸ್ ಬಿಟ್ಟು ಹಿಮ ಕೆರೆಯೋಕೆ ಹೋಯ್ತು, ಕೇದಾರಕಂಠದಲ್ಲಿ ಮಾಡಿದ ಹಾಗೇ. ಗೈಡ್ ಏನೂ ಬೈಲಿಲ್ಲ, ಕೆಳಗೆ ಬಂದು ಕನ್ನಡಕದ ಮೇಲಿನ ಹಿಮ ಒರೆಸಿ "ಇನ್ನೊಂದು ಸಲ" ಅಂದ್ರು. ಆ ಮಧ್ಯಾಹ್ನ ಎಷ್ಟು ಸಲ "ಇನ್ನೊಂದು ಸಲ" ಕೇಳಿದೆನೋ ಲೆಕ್ಕ ಇಲ್ಲ, ಕತ್ತಲಾಗೋ ಹೊತ್ತಿಗೆ ಕುತ್ತಿಗೆ ಒಳಗೆಲ್ಲ ಹಿಮ, ಮೊಣಕೈ ಕೆಂಪು, ಆದ್ರೆ ಕಣ್ಣು ಮುಚ್ಚಿಕೊಂಡು ಬಿದ್ರೂ ಕೈ ತಾನಾಗೇ ಎದೆಗೆ ಬರ್ತಿತ್ತು. ಅವತ್ತು ರಾತ್ರಿ ಹಟ್‌ನ ಬಂಕಲ್ಲಿ ಮಲಗಿ, ಇಷ್ಟನ್ನ ನಂಗೆ ಕೇದಾರಕಂಠದ ಬೇಸ್ ಕ್ಯಾಂಪಲ್ಲಿ ಒಂದೇ ಒಂದು ಮಧ್ಯಾಹ್ನ ಯಾರಾದ್ರೂ ಕಲಿಸಿದ್ರೆ ಅಂತ ಯೋಚಿಸ್ತಾ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

ಇನ್ನೊಂದು ಮಾತೂ ಅವರು ಹೇಳಿದ್ರು, ಅದನ್ನೂ ಬರೀಲೇಬೇಕು. ಗಟ್ಟಿ ಗಡ್ಡೆಯ ಮೇಲೆ ವೇಗ ಬಂದುಬಿಟ್ರೆ ಯಾವ ವಿದ್ಯೆಯೂ ನಿಲ್ಲಿಸಲ್ಲ, ಹಾಗಾಗಿ ನಿಲ್ಲಿಸೋದು ಕೊನೆಯ ಉಪಾಯ, ಒಂದೊಂದು ಹೆಜ್ಜೆಗೂ ಆಕ್ಸ್ ಊರಿ ಬೀಳದೇ ಇರೋದೇ ಮೊದಲ ಉಪಾಯ ಅಂತ.

ಮೂರನೇ ದಿನ ಎಗ್ವಿ ದ್ಯು ಟೂರ್ ಶಿಖರ, ಸುಮಾರು 3540 ಮೀಟರ್. ಆಲ್ಪ್ಸಲ್ಲಿ ಹೊಸಬರನ್ನ ಮೊದಲು ಕರ್ಕೊಂಡು ಹೋಗೋ ಶಿಖರಗಳಲ್ಲಿ ಇದೂ ಒಂದು. ಬೆಳಗಿನ ಜಾವ ಮೂರಕ್ಕೆ ತಿಂಡಿ, ಬ್ರೆಡ್ಡು ಜಾಮು ಕಾಫಿ. ಅಷ್ಟು ಬೇಗ ಯಾಕೆ ಅಂದ್ರೆ ರಾತ್ರಿ ಹೆಪ್ಪುಗಟ್ಟಿದ ಹಿಮ ಬಿಸಿಲೇರೋ ಮುಂಚೆ ಗಟ್ಟಿ ಇರುತ್ತೆ, ಹಿಮನದಿಯ ಬಿರುಕುಗಳ ಮೇಲೆ ಹಿಮದ ಸೇತುವೆಗಳಿರ್ತವೆ, ಅವು ಆಗ ಭಾರ ಹೊರ್ತವೆ, ಮೇಲಿಂದ ಕಲ್ಲು ಬೀಳೋದೂ ಕಮ್ಮಿ. ಹೊರಗೆ ಬಂದಾಗ ಗೈಡ್ ಆಕಾಶ ನೋಡಿ ಮುಖ ಸಣ್ಣ ಮಾಡಿದ್ರು. ಒಂದು ನಕ್ಷತ್ರ ಇಲ್ಲ, ಪೂರ್ತಿ ಮೋಡ. ನಂಗೆ ಅದು ಒಳ್ಳೇದು ಅನ್ಸಿತ್ತು, ಚಳಿ ಕಮ್ಮಿ ಇತ್ತಲ್ಲ. ಅವರು ಹೇಳಿದ ಮೇಲೆ ಗೊತ್ತಾಯ್ತು, ಮೋಡ ಅಂದ್ರೆ ಕಂಬಳಿ ಹೊದ್ದ ಹಾಗೆ, ನೆಲದ ಬಿಸಿ ಆಕಾಶಕ್ಕೆ ಹೋಗಲ್ಲ, ಹಿಮ ರಾತ್ರಿ ಸರಿಯಾಗಿ ಹೆಪ್ಪುಗಟ್ಟಲ್ಲ. ನಮ್ಮೂರಲ್ಲಿ ಮೋಡ ಇಲ್ಲದ ರಾತ್ರಿ ಇಬ್ಬನಿ ಜಾಸ್ತಿ ಬೀಳುತ್ತೆ ಅಂತ ಅಜ್ಜಿ ಹೇಳ್ತಿದ್ದಿದ್ದೂ ಇದೇ ಲೆಕ್ಕ. ಹಟ್ ಮುಂದೆ ಆಕ್ಸ್ ಕಾವು ಹಿಮಕ್ಕೆ ಒತ್ತಿ ನೋಡಿದ್ರು, ನಾಲ್ಕು ಬೆರಳು ಇಳೀತು. ಹೋಗಿ ನೋಡೋಣ ಅಂದ್ರು.

ಐದೂ ಜನ ಒಂದೇ ಹಗ್ಗಕ್ಕೆ ಕಟ್ಟಿಕೊಂಡು, ಮಧ್ಯೆ ಇಷ್ಟಿಷ್ಟು ದೂರ ಬಿಟ್ಟು, ಹಗ್ಗ ನೆಲಕ್ಕೆ ಎಳೀದೇ ಇರೋ ಹಾಗೆ ತಲೆದೀಪದ ಬೆಳಕಲ್ಲಿ ನಡೆದ್ವಿ. ಹಗ್ಗ ಸಡಿಲ ಬಿಟ್ರೆ ಮುಂದಿನವರು ಬಿರುಕಿಗೆ ಬಿದ್ದಾಗ ಆ ಸಡಿಲ ಇದ್ದಷ್ಟೂ ಆಳಕ್ಕೆ ಹೋಗ್ತಾರೆ, ಜರ್ಕ್ ಹೊಡೆದು ನಮ್ಮನ್ನೂ ಎಳೀತಾರೆ. ಇದು ಕೇಳೋಕೆ ಸುಲಭ, ನಾಲ್ಕು ಗಂಟೆ ಹೊತ್ತು ಮುಂದಿನವರ ಹೆಜ್ಜೆಗೆ ಸರಿಯಾಗಿ ಹೆಜ್ಜೆ ಹಾಕೋದು ಇದೆಯಲ್ಲ, ಮದುವೆಯಲ್ಲಿ ಸಪ್ತಪದಿಗೂ ಅಷ್ಟು ಗಮನ ಕೊಟ್ಟಿರಲ್ಲ ನಾವು. ನೆದರ್ಲೆಂಡ್ಸಿನ ಹೆಂಗಸಿಗೆ ಮೊಣಕಾಲು ನೋವು ಶುರುವಾಗಿ ನಿಧಾನ ಆಯ್ತು. 3289 ಮೀಟರ್‌ನ ಕಣಿವೆ ಬಾಯಿ ಹತ್ತಿರ ಬಂದಾಗ ಏಳೂವರೆ. ಅದನ್ನ ದಾಟಿದ್ರೆ ಆಚೆ ಸ್ವಿಟ್ಜರ್ಲೆಂಡ್, ಬೇಲಿ ಇಲ್ಲ ಗೇಟ್ ಇಲ್ಲ. ಶಿಖರ ಕಣ್ಣ ಮುಂದೆ, ಇನ್ನು 250 ಮೀಟರ್ ಎತ್ತರ ಅಷ್ಟೇ. ಗೈಡ್ ಮತ್ತೆ ಕಾವು ಒತ್ತಿದ್ರು. ಬೆಳಿಗ್ಗೆ ನಾಲ್ಕು ಬೆರಳು ಹೋಗಿದ್ದು ಈಗ ಮೊಳ ಹೋಯ್ತು. ವಾಪಸ್ ಅಂದ್ರು.

ನಂಗೆ ನಿಜವಾಗ್ಲೂ ಕೋಪ ಬಂತು. ಎರಡು ತಿಂಗಳ ಸಂಬಳ, ಏಳು ಸಮುದ್ರ ದಾಟಿ ಬಂದಿದೀನಿ, ಇನ್ನೊಂದು ಗಂಟೆ ತಾನೇ ಅಂತ ಕೇಳೇಬಿಟ್ಟೆ. ಅವರು "ಹೋಗೋಕೆ ಒಂದು ಗಂಟೆ ಸರಿ, ವಾಪಸ್ ಇಲ್ಲಿಗೆ ಬಂದು ಕೆಳಗಿನ ಸೇತುವೆಗಳ ಹತ್ತಿರ ಹೋಗೋ ಹೊತ್ತಿಗೆ ಹತ್ತು ಗಂಟೆ ದಾಟುತ್ತೆ, ಆಗ ಅವು ನಮ್ಮನ್ನ ಹೊರ್ತವಾ ಅಂತ ನಂಗೆ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೆ ನಿಮ್ಮನ್ನ ಕರ್ಕೊಂಡು ಹೋಗಲ್ಲ" ಅಂತ ಶಾಂತವಾಗಿ ಹೇಳಿ ಹಗ್ಗದ ದಿಕ್ಕು ತಿರುಗಿಸಿದ್ರು. ಇಳಿಯೋ ದಾರಿಯಲ್ಲಿ, ಬರುವಾಗ ನಾವು ಐದೂ ಜನ ಏನೂ ಆಗದೆ ದಾಟಿದ್ದ ಒಂದು ಜಾಗದಲ್ಲಿ ನೆದರ್ಲೆಂಡ್ಸಿನ ಗಂಡಸಿನ ಬಲಗಾಲು ತೊಡೆವರೆಗೂ ಒಳಗೆ ಹೋಯ್ತು. ಹಿಂದೆ ನಾನು. ಹಗ್ಗ ಬಿಗಿ ಇತ್ತು, ಎಲ್ರೂ ಇದ್ದಲ್ಲೇ ಕಾಲು ಊರಿ ಕೂತ್ವಿ, ಅವರು ಮೆಲ್ಲಗೆ ಹೊಟ್ಟೆ ಮೇಲೆ ಮಲಗಿ ಕಾಲು ಎಳ್ಕೊಂಡ್ರು. ಆ ತೂತಿನ ಪಕ್ಕ ದಾಟುವಾಗ ಒಳಗೆ ನೋಡಿದೆ, ಮೇಲೆ ಬಿಳಿ, ಆಮೇಲೆ ನೀಲಿ, ಆಮೇಲೆ ಕಪ್ಪು, ತಳ ಕಾಣ್ಲಿಲ್ಲ. ಆಗ ಸಮಯ ಇನ್ನೂ ಒಂಬತ್ತು ಗಂಟೆ ಆಗಿರ್ಲಿಲ್ಲ. ಹಟ್‌ಗೆ ಬಂದು ನಾನು ಅವರ ಹತ್ತಿರ ಕ್ಷಮೆ ಕೇಳಿದೆ.

ಸಂಜೆ ಊಟಕ್ಕೆ ಕೂತಾಗ ಗೈಡ್ ಆಲ್ಪ್ಸಿನ ಮ್ಯಾಟರ್‌ಹಾರ್ನ್ ಶಿಖರದ ವಿಷಯ ತೆಗೆದ್ರು. 1865ರ ಜುಲೈ 14ಕ್ಕೆ ಮೊದಲ ಸಲ ಏಳು ಜನ ಆ ಶಿಖರ ಹತ್ತಿದ್ರು, ಇಳಿಯುವಾಗ ಒಬ್ಬ ಜಾರಿ, ಹಗ್ಗ ತುಂಡಾಗಿ ನಾಲ್ಕು ಜನ ಹೋದ್ರು. ತುಂಡಾದ ಹಗ್ಗ ಈಗ್ಲೂ ಅದರ ಕೆಳಗಿನ ಜೆರ್ಮಾಟ್ ಊರಿನ ಮ್ಯೂಸಿಯಮ್ಮಲ್ಲಿದೆ. 2022ರ ಬೇಸಿಗೆಯ ಮಾತೂ ಬಂತು, ಆ ಜುಲೈನಲ್ಲಿ ಒಂದು ರಾತ್ರಿ ಸ್ವಿಟ್ಜರ್ಲೆಂಡ್ ಮೇಲೆ ಸೊನ್ನೆ ಡಿಗ್ರಿ ಸಿಗಬೇಕಾದ್ರೆ 5184 ಮೀಟರ್‌ಗೆ ಹೋಗ್ಬೇಕಿತ್ತು, ಮಾಂಟ್ ಬ್ಲಾಂಕ್ ತುದಿಯೇ 4800ರ ಹತ್ತಿರ, ಅಂದ್ರೆ ಸೊನ್ನೆಯ ಮಟ್ಟ ಆಲ್ಪ್ಸಿನ ಅತಿ ಎತ್ತರದ ತುದಿಗಿಂತಲೂ ಮೇಲಿತ್ತು. ಅದೇ ತಿಂಗಳು 3ನೇ ತಾರೀಖು ಇಟಲಿಯ ಮಾರ್ಮೊಲಾಡದಲ್ಲಿ ಹಿಮನದಿಯ ತುಂಡೇ ಕಳಚಿ ಬಿದ್ದು 11 ಜನ ಸತ್ತರು. ಮಾಂಟ್ ಬ್ಲಾಂಕಿನ ಮಾಮೂಲಿ ದಾರಿಯಲ್ಲಿ ಕಲ್ಲು ಬೀಳೋದು ಜಾಸ್ತಿಯಾಗಿ ಗೈಡ್‌ಗಳೇ ಸ್ವಲ್ಪ ದಿನ ಜನರನ್ನ ಕರ್ಕೊಂಡು ಹೋಗೋದು ನಿಲ್ಲಿಸಿದ್ರು. ಸೀಸನ್ನಿನ ಮಧ್ಯದಲ್ಲಿ, ಅದೇ ದುಡಿಮೆ ನಂಬಿಕೊಂಡವರು, ಬೇಡ ಅಂದ್ರು.

ನಾಲ್ಕನೇ ದಿನ ಬಿರುಕಿಗೆ ಬಿದ್ದವರನ್ನ ಎತ್ತೋ ಪಾಠ. ನಾನೇ ಮೊದಲು ಇಳಿದೆ, ಬೇರೆ ಸೇಫ್ಟಿ ಹಗ್ಗ ಕಟ್ಟಿ ಎರಡಾಳು ಕೆಳಗೆ ಬಿಟ್ರು. ಒಳಗೆ ಫ್ರಿಜ್ ಬಾಗಿಲು ತೆಗೆದ ಹಾಗೆ ಗಾಳಿ, ಎಲ್ಲೋ ಕೆಳಗೆ ನೀರು ತೊಟ್ಟಿಕ್ಕೋ ಸದ್ದು, ಮೇಲಿನವರ ಮಾತು ಅರ್ಧಕ್ಕರ್ಧ ಕೇಳಲ್ಲ. ಮೇಲೆ ಅವರು ಹಿಮದಲ್ಲಿ ಅಡ್ಡ ಕುಳಿ ತೋಡಿ ಆಕ್ಸನ್ನ ಮಲಗಿಸಿ ಹೂತು ಅದಕ್ಕೆ ಪಟ್ಟಿ ಹಾಕಿ ನನ್ನ ಭಾರ ವರ್ಗಾಯಿಸಿದ್ರು, ಆಮೇಲೆ ಹಗ್ಗವನ್ನ ಇಂಗ್ಲಿಷ್ ಝಡ್ ಅಕ್ಷರದ ಹಾಗೆ ತಿರುಗಿಸಿ ರಾಟೆ ಲೆಕ್ಕದಲ್ಲಿ ಎಳೆದ್ರು, ಎಳೆಯೋರಿಗೆ ಭಾರ ಮೂರರಲ್ಲಿ ಒಂದು ಪಾಲಾಗುತ್ತೆ ಅನ್ನೋದು ಪುಸ್ತಕದ ಮಾತು, ಅಂಚಲ್ಲಿ ಹಗ್ಗ ಉಜ್ಜಿ ನಿಜದಲ್ಲಿ ಅಷ್ಟು ಸಿಗಲ್ಲ. ಮೊದಲ ಸಲ ಮುಕ್ಕಾಲು ಗಂಟೆ ಹಿಡೀತು. ಅಷ್ಟೊತ್ತು ಹಾರ್ನೆಸ್ಸಲ್ಲಿ, ಅಂದ್ರೆ ಸೊಂಟಕ್ಕೂ ತೊಡೆಗೂ ಕಟ್ಟೋ ಪಟ್ಟಿಯಲ್ಲಿ, ನೇತಾಡಿದ್ರೆ ಕಾಲು ಮರಗಟ್ಟುತ್ತೆ, ಚಳಿಗೆ ಹಲ್ಲು ಕಟಕಟ. ಎರಡನೇ ಸಲ ನಾನೇ ಹಗ್ಗ ಹತ್ತಿ ಬರ್ಬೇಕಿತ್ತು, ಪ್ರುಸಿಕ್ ಅನ್ನೋ ಗಂಟಿಂದ. ತೆಳ್ಳಗಿನ ದಾರದ ಕುಣಿಕೆಯನ್ನ ದಪ್ಪ ಹಗ್ಗಕ್ಕೆ ಮೂರು ಸುತ್ತು ಹಾಕಿದ್ರೆ ಭಾರ ಬಿದ್ದಾಗ ಕಚ್ಚಿಕೊಳ್ಳುತ್ತೆ, ಭಾರ ತೆಗೆದ್ರೆ ಮೇಲಕ್ಕೆ ಸರಿಯುತ್ತೆ, ಒಂದು ಸೊಂಟಕ್ಕೆ ಒಂದು ಕಾಲಿಗೆ. ಕಾಲಿನದರ ಮೇಲೆ ನಿಂತು ಸೊಂಟದ್ದು ಸರಿಸು, ಕೂತು ಕಾಲಿನದು ಸರಿಸು. ನಂಗೆ ಆಗ ನೆನಪಾಗಿದ್ದು ನಮ್ಮ ತೋಟದಲ್ಲಿ ಅಡಿಕೆ ಕೊಯ್ಯೋ ಕೊನೆಗೌಡರು. ಕಾಲಿಗೆ ತಳೆ ಹಾಕ್ಕೊಂಡು ಅಡಿಕೆ ಮರ ಹತ್ತೋದೂ ಹೀಗೇ ಅಲ್ವಾ, ಭಾರ ಹಾಕಿದಾಗ ಕಚ್ಚಬೇಕು, ಎತ್ತಿದಾಗ ಜಾರಬೇಕು. ಕೆಳಗೆ ಅಡಿಕೆ ಕೊನೆ ಇಳಿಸೋಕೆ ಹಗ್ಗ ಹಿಡಿಯೋರು ಎಷ್ಟು ಸಡಿಲ ಬಿಡಬೇಕು ಎಷ್ಟು ಬಿಗಿ ಹಿಡೀಬೇಕು ಅಂತ ಒಂದು ಮಾತಾಡದೇ ಕಣ್ಣಲ್ಲೇ ಲೆಕ್ಕ ಹಾಕ್ತಾರೆ. ಮಳೆಗಾಲದಲ್ಲಿ ಪಾಚಿ ಹಿಡಿದ ಮರದ ತುದಿಯಿಂದ ಇನ್ನೊಂದು ಮರಕ್ಕೆ ದಾಟೋ ಆ ಜನರ ವಿದ್ಯೆಗೆ ಶಮೊನಿಯಲ್ಲಿ ಹುಟ್ಟಿದ್ರೆ ಇನ್ನೂರು ವರ್ಷದ ಸಂಘ, ಬ್ಯಾಡ್ಜು, ವಿಮೆ ಎಲ್ಲ ಇರ್ತಿತ್ತು. ಇದು ವಿಷಯಾಂತರ, ಆದ್ರೂ ಬರೀದೇ ಇರೋಕೆ ಆಗ್ಲಿಲ್ಲ.

ಐದನೇ ದಿನ ಆಕಾಶ ತಿಳಿಯಾಗಿತ್ತು, ತೆತ್ ಬ್ಲಾಂಶ್ ಅನ್ನೋ 3429 ಮೀಟರಿನ ಶಿಖರ ಹತ್ತಿ ಇಳಿದ್ವಿ. ಆರನೇ ದಿನ ಮಳೆ, ಊರಲ್ಲೇ ಕೂತು ಗಂಟು ಹಾಕೋದು.

ಈಗ ನಮ್ಮ ವಿಷಯ. 2024ರ ಜೂನ್‌ನಲ್ಲಿ ಉತ್ತರಕಾಶಿಯ ಸಹಸ್ರತಾಲ್ ಕಡೆ ನಮ್ಮ ರಾಜ್ಯದವರೇ ಹೆಚ್ಚಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ವಾಪಸ್ ಬರ್ಲಿಲ್ಲ. ಅವರಲ್ಲಿ ಬೆಟ್ಟ ಚೆನ್ನಾಗಿ ಬಲ್ಲವರಿದ್ರು, ಅಲ್ಲಿ ಏನಾಯ್ತು ಅಂತ ತೀರ್ಪು ಕೊಡೋಕೆ ನಾನು ಯಾರೂ ಅಲ್ಲ, ಆ ಮನೆಗಳ ದುಃಖದ ಮುಂದೆ ನನ್ನ ಆರು ದಿನದ ಪಾಠ ಏನೂ ಅಲ್ಲ. ಕಲಿತವರಿಗೆ ಏನೂ ಆಗಲ್ಲ ಅಂತಾನೂ ನಾನು ಹೇಳಲ್ಲ, 2022ರ ಅಕ್ಟೋಬರ್ 4ಕ್ಕೆ ಉತ್ತರಾಖಂಡದ ದ್ರೌಪದಿ ಕಾ ದಾಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದು ಪರ್ವತಾರೋಹಣ ಕಲೀತಿದ್ದ ತಂಡವೇ. ನಂಗೆ ನೋವಾಗೋದು ಇಷ್ಟೇ, ಅಷ್ಟು ದೊಡ್ಡ ದುರಂತ ಆದ ಮೇಲೂ ವಾರ ಕಳೆಯೋದ್ರೊಳಗೆ ಮಾತು ನಿಂತೋಯ್ತು. 1820ರ ದುರ್ಘಟನೆ ಆದ ಮೇಲೆ ಶಮೊನಿಯವರು ಕೂತ ಹಾಗೆ ನಾವು ಕೂರಲಿಲ್ಲ. ಮತ್ತೆ ಡಿಸೆಂಬರ್ ಬಂತು, ಮತ್ತೆ ಬೆಂಗಳೂರಿಂದ ತಂಡ ತಂಡವಾಗಿ ಹುಡುಗ ಹುಡುಗಿಯರು ಹಿಮ ನೋಡೋಕೆ ಹೊರಟ್ರು, ಜಾಹೀರಾತಲ್ಲಿ ಶಿಖರ ಗ್ಯಾರಂಟಿ ಅನ್ನೋ ಮಾತು.

ನಮ್ಮ ದೇಶದಲ್ಲಿ ಕಲಿಸೋ ಜಾಗ ಇಲ್ಲ ಅಂತಲ್ಲ. ಎವರೆಸ್ಟ್ ಹತ್ತಿದ ಮರುವರ್ಷ 1954ರಲ್ಲೇ ಡಾರ್ಜಿಲಿಂಗಲ್ಲಿ ಪರ್ವತಾರೋಹಣ ಸಂಸ್ಥೆ ಶುರುವಾಗಿ ತೇನ್‌ಸಿಂಗ್ ಅವರೇ ಅಲ್ಲಿ ಕಲಿಸೋಕೆ ನಿಂತ್ರು, 1965ರಲ್ಲಿ ಉತ್ತರಕಾಶಿಯ ನೆಹರೂ ಸಂಸ್ಥೆ ಬಂತು, ಮನಾಲಿಯಲ್ಲೂ ಇದೆ. ಅಲ್ಲಿನ ಬೇಸಿಕ್ ಕೋರ್ಸ್ ಹತ್ತಿರ ಹತ್ತಿರ ನಾಲ್ಕು ವಾರ, ಫೀಸು ಶಮೊನಿಗೆ ಹೋಲಿಸಿದ್ರೆ ತುಂಬಾ ಕಮ್ಮಿ, ವಯಸ್ಸು ಇರೋರು, ರಜೆ ಸಿಗೋರು ಖಂಡಿತ ಅಲ್ಲಿಗೇ ಹೋಗಲಿ. ಆದ್ರೆ ನನ್ನ ಹಾಗೆ ನಾಲ್ಕು ವಾರ ರಜೆ ಸಿಗದ, ನಲವತ್ತು ದಾಟಿದ ಸಾವಿರಾರು ಜನ ಒಂದು ವಾರದ ಟ್ರೆಕ್ಕಿಗೆ ಹೋಗ್ತಾರಲ್ಲ, ಅವರಿಗೆ ಯಾರು ಕಲಿಸ್ತಾರೆ?

ಹಿಮ ಇಲ್ಲದ ನಾಡಲ್ಲಿ ಹಿಮದ ಪಾಠ ಹೇಗೆ ಅಂತ ಕೇಳಬಹುದು. ಹಗ್ಗ, ಗಂಟು, ಹಾರ್ನೆಸ್, ಪ್ರುಸಿಕ್ ಇದಕ್ಕೆಲ್ಲ ಹಿಮ ಬೇಕಿಲ್ಲ, ರಾಮನಗರ ಬಾದಾಮಿಯ ಬಂಡೆಗಳಲ್ಲಿ ಇದನ್ನ ದಿನಾ ಮಾಡೋ ಹುಡುಗರಿದ್ದಾರೆ, ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ನಮ್ಮಲ್ಲೇ ಇದೆ. ಹಿಮಾಲಯಕ್ಕೆ ಹೋಗೋರಿಗೆ ಅಂತಲೇ ಎರಡು ದಿನದ ಶಿಬಿರ ಮಾಡಿದ್ರೆ ಸಾಕು. ಟ್ರೆಕ್ ಕಂಪನಿಗಳು ಹಿಮ ಸಿಗೋ ಮೊದಲ ಕ್ಯಾಂಪಲ್ಲಿ ಒಂದು ಮಧ್ಯಾಹ್ನ ಪೂರ್ತಿ ಬೀಳೋದು ನಿಲ್ಲೋದು ಕಲಿಸ್ಲಿ, ಕಲಿತಿಲ್ಲ ಅಂದವರನ್ನ ಮೇಲೆ ಕಳಿಸೋದು ಬೇಡ. ದುಡ್ಡು ಕಟ್ಟೋ ಮುಂಚೆ ನಾವೂ ಕೇಳೋಣ, ಲೀಡರ್ ಎಲ್ಲಿ ಕಲಿತಿದ್ದಾರೆ, ಒಬ್ಬರಿಗೆ ಎಷ್ಟು ಜನ, ಎಷ್ಟು ಗಂಟೆಗೆ ಎಲ್ಲಿದ್ರೂ ವಾಪಸ್ ತಿರುಗ್ತೀರಿ. ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದ್ರೆ ಆ ಟ್ರೆಕ್ ಬೇಡ.

ನಿಮ್ಮಲ್ಲಿ ಕೇಳೋದು ಒಂದೇ. ಟ್ರೆಕ್ಕಿಂಗ್ ಲೇಖನ ಹಾಕಿದಾಗ ಖರ್ಚಿನ ಬಾಕ್ಸ್ ಪಕ್ಕ ಇನ್ನೊಂದು ಸಣ್ಣ ಬಾಕ್ಸ್ ಹಾಕಿ, ಅಲ್ಲಿ ಹಿಮ ಇದೆಯಾ, ಇಳಿಜಾರು ಹೇಗಿದೆ, ಏನು ಕಲಿತಿರ್ಬೇಕು, ಯಾವ ತಿಂಗಳು ಬೇಡ ಅಂತ. ಶಿಖರದ ತುದೀಲಿ ಬಾವುಟ ಹಿಡಿದವರ ಫೋಟೋ ಹಾಕ್ತೀರಲ್ಲ, ಒಂದು ಸಲ ಶಿಖರ ಬಿಟ್ಟು ವಾಪಸ್ ಬಂದವರ ಮಾತೂ ಹಾಕಿ, ಓದುವವರು ತುಂಬಾ ಜನ ಇರ್ತಾರೆ.

ಅಣ್ಣನ ಮಗ ಈ ಡಿಸೆಂಬರ್‌ಗೆ ಕೇದಾರಕಂಠಕ್ಕೆ ಬುಕ್ ಮಾಡಿದ್ದಾನೆ. ಬೇಡ ಅನ್ಲಿಲ್ಲ. ನಮ್ಮೂರ ಆಚಾರ್ರ ಹತ್ತಿರ ಐಸ್ ಆಕ್ಸ್ ಅಳತೆಗೆ ಮರದ್ದೊಂದು ಮಾಡಿಸಿದೀನಿ, ಮೂತಿಗೆ ಗೋಣಿ ಸುತ್ತಿ. ಮಳೆ ಬಂದ ದಿನ ತೋಟದ ಮೇಲಿನ ದಿಬ್ಬದಲ್ಲಿ ಅಡಿಕೆ ಒಣಗಿಸೋ ಟಾರ್ಪಲ್ ಹಾಸಿ, ತಲೆಗೆ ಬೈಕ್ ಹೆಲ್ಮೆಟ್ ಹಾಕಿ ಅವನನ್ನ ಜಾರಿಸ್ತೀನಿ. "ಅತ್ತೆ, ಇವತ್ತಿಗೆ ಸಾಕು" ಅಂತಾನೆ, ನಾನು ಇನ್ನೊಂದು ಸಲ ಅಂತೀನಿ. ಬಲಗಡೆಗೆ ಹೊರಳೋದು ಬಂದಿದೆ. ಎಡಗಡೆ ಬಂದ್ರೆ ಇನ್ನೂ ಕೈ ಬಿಡ್ತಾನೆ, ಡಿಸೆಂಬರ್‌ಗೆ ಇನ್ನೂ ಟೈಮ್ ಇದೆ.

ಇತಿ,
ನಿಮ್ಮ ಓದುಗಾರ್ತಿ
ಶಿವಮೊಗ್ಗ